ವೇರೂಳದಲ್ಲಿ ಕೇಳಿದ ಹಾರ್ನ್

ಜೂನ್ ತಿಂಗಳ ಮೊದಲ ಮಳೆ ಬೀಳುವ ಹೊತ್ತಿಗೆ ನಾವು ಮೂವರು ಗೆಳತಿಯರು ನಾಸಿಕದಲ್ಲಿ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತೇವೆ. ಕಾಲೇಜು ಮುಗಿದು ವರ್ಷಗಳಾದರೂ ಈ ರೂಢಿ ತಪ್ಪಿಲ್ಲ. ಬೇಸಿಗೆಯಲ್ಲಿ ಯಾರು ಎಲ್ಲಿಗೆ ಹೋಗಿದ್ದರು, ಯಾರ ತವರಿನಲ್ಲಿ ಮಾವಿನ ಹಣ್ಣು ಚೆನ್ನಾಗಿತ್ತು, ಮನೆಯವರೆಲ್ಲ ಕೂಡಿ ಎಲ್ಲಿ ಒಂದು ದಿನ ಕಳೆದರು ಎಂಬ ಸುದ್ದಿಯನ್ನು ಚಹಾ ಮತ್ತು ಭಜಿಯ ಜೊತೆಗೆ ಹಂಚಿಕೊಳ್ಳುತ್ತೇವೆ. ಹಂಚಿಕೊಳ್ಳುತ್ತೇವೆ ಎಂದು ಬರೆಯುವಾಗ ನನ್ನ ಕೈ ಸ್ವಲ್ಪ ತಡೆಯುತ್ತದೆ. ಬಹಳ ಕಾಲ ಅವರಿಬ್ಬರು ಹೇಳುತ್ತಿದ್ದರು, ನಾನು ಕೇಳುತ್ತಿದ್ದೆ.

ನಮ್ಮಲ್ಲಿ ಬೇಸಿಗೆಯೆಂದರೆ ಈರುಳ್ಳಿಯ ಕಾಲ. ಅಪ್ಪ ಲಾಸಲಗಾಂವ್ ಮಾರುಕಟ್ಟೆಯಲ್ಲಿ ಚೀಲ ಹೊರುತ್ತಾರೆ. ಅವ್ವ ಅಲ್ಲಿಯೇ ಒಂದು ಶೆಡ್ಡಿನಲ್ಲಿ ಕುಳಿತು ಕೊಳೆತದ್ದನ್ನು, ಮೊಳಕೆಯೊಡೆದದ್ದನ್ನು ಬೇರ್ಪಡಿಸುತ್ತಾಳೆ. ಊರೆಲ್ಲ ರಜೆಗೆ ಹೊರಡುವ ತಿಂಗಳುಗಳಲ್ಲಿಯೇ ಅವರಿಗೆ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ನಾನು ಬೀದರ ಜಿಲ್ಲೆಯ ಸೋದರಮಾವನ ಮನೆಯಲ್ಲಿದ್ದು ಕನ್ನಡ ಶಾಲೆ ಕಲಿತು, ನಾಸಿಕದಲ್ಲಿ ಪದವಿ ಪಡೆದೆ. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಈಗ ಇಲ್ಲಿಯೇ ಒಂದು ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಮಾತನಾಡುವ ಮೊದಲು ವಾಕ್ಯವನ್ನು ಮನಸ್ಸಿನಲ್ಲಿ ಒಮ್ಮೆ ಜೋಡಿಸಿ ನೋಡುವುದು ನನ್ನ ಅಭ್ಯಾಸ. ಈ ಲೇಖನವನ್ನೂ ಹಾಗೆಯೇ ಜೋಡಿಸುತ್ತಿದ್ದೇನೆ. ಸಿಟ್ಟಿನಲ್ಲಿ ಬರೆದರೆ ತಪ್ಪಾಗುತ್ತದೆಂದು ತಿಂಗಳುಗಟ್ಟಲೆ ಕಾದೆ. ಸಿಟ್ಟು ಇಳಿಯಲಿಲ್ಲ. ಆದ್ದರಿಂದ ಸಿಟ್ಟಿನಲ್ಲಿಯೇ ಬರೆಯುತ್ತೇನೆ.

ಗೆಳತಿಯರಲ್ಲಿ ಒಬ್ಬಳು ದೇವಳಾಲಿ ಕ್ಯಾಂಪಿನಲ್ಲಿದ್ದಾಳೆ; ಅವಳ ಗಂಡ ಸೈನಿಕ. ಇನ್ನೊಬ್ಬಳು ಮದುವೆಯಾಗಿ ಛತ್ರಪತಿ ಸಂಭಾಜಿನಗರಕ್ಕೆ ಹೋದಳು. ಈ ಬರಹ ಅವಳ ಕುರಿತದ್ದು. ಅವಳ ತಂದೆ ಓಝರ್ ಬಳಿಯ ವಿಮಾನ ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿದ್ದರು. ಅವರೂ ಬೀದರ ಕಡೆಯವರೇ, ನಮ್ಮಂತೆ ಕೊರಳಿನಲ್ಲಿ ಲಿಂಗ ಧರಿಸುವವರೇ. ಕಾಲೇಜಿನ ದಿನಗಳಲ್ಲಿ ನಾನು ಅವರ ಮನೆಗೆ ಹೋಗುತ್ತಿದ್ದೆ. ಅವಳ ಅಜ್ಜಿ ಬೆಳಿಗ್ಗೆ ಸ್ನಾನ ಮಾಡಿ, ಬೆಳ್ಳಿಯ ಕರಡಿಗೆಯಿಂದ ಲಿಂಗವನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕುಳಿತರೆ ಇಡೀ ಮನೆ ಸದ್ದಡಗುತ್ತಿತ್ತು. ಟಿ.ವಿ. ಬಂದ್ ಆಗುತ್ತಿತ್ತು. ಕುಕ್ಕರ್ ಕೂಗೀತೆಂದು ಗೆಳತಿಯ ತಾಯಿ ಒಲೆ ಆರಿಸಿ ನಿಲ್ಲುತ್ತಿದ್ದರು.

"ಅಜ್ಜಿ ಪೂಜಾ ಆಗೋತನಕ ನೀರ್ ಸುದ್ದಾ ಕುಡ್ಯಂಗಿಲ್ಲ, ಗೊತ್ತದ ಏನು?" ಎಂದು ಅವಳು ನನ್ನ ಕಿವಿಯಲ್ಲಿ ಹೇಳಿದ್ದಳು. ಆ ಪಿಸುಮಾತಿನಲ್ಲಿ ಹೆಮ್ಮೆಯಿತ್ತು. ಒಮ್ಮೆ ಅವರೆಲ್ಲ ಮದುವೆಗೆ ಹೊರಟಿದ್ದ ದಿನ, ಕಾರು ಬಾಗಿಲಲ್ಲಿ ಬಂದು ನಿಂತಿದ್ದರೂ ಅಜ್ಜಿ ಕಣ್ಣು ತೆರೆಯುವವರೆಗೆ ಚಾಲಕ ಹಾರ್ನ್ ಮುಟ್ಟಲಿಲ್ಲ. ಅದನ್ನು ನಾನು ಕಂಡಿದ್ದೇನೆ. ನಮ್ಮ ಅವ್ವನೂ ಮನೆಯಲ್ಲಿ ಹೀಗೆಯೇ ಪೂಜೆ ಮಾಡುತ್ತಾಳೆ ಎಂದು ಅವಳಿಗೆ ಅಂದೇ ಹೇಳಿದ್ದೆ. ಅಂದರೆ ಅವಳಿಗೆ ಎಲ್ಲವೂ ತಿಳಿದಿತ್ತು. ಓದುಗರು ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ಕಳೆದ ಮೇ ತಿಂಗಳಲ್ಲಿ ಅವಳೇ ಫೋನ್ ಮಾಡಿದಳು. "ಪ್ರತಿ ವರ್ಷ ಎಲ್ಲೂ ಹೋಗಿಲ್ಲ ಅಂತಿ. ಈ ಸಲ ಕಾಕೂನ್ನ ಕರ್ಕೊಂಡು ಬಾ, ವೇರೂಳ ನೋಡಮ್. ನಮ್ಮ ಗಾಡಿ ಅದ."

ಗೆಳತಿಯರು ಕಾಕೂ ಎಂದು ಕರೆಯುವ ನಮ್ಮ ಅವ್ವನಿಗೆ ವೇರೂಳದ, ಅಂದರೆ ಎಲ್ಲೋರಾದ, ಆಸೆ ಹಳೆಯದು. ಒಂದೇ ಬಂಡೆಯನ್ನು ಕಡಿದು ಮಾಡಿದ ಗುಡಿ ಅಲ್ಲಿದೆಯೆಂದು ಲಾರಿಯವರು ಹೇಳಿದ್ದನ್ನು ಅವಳು ನಂಬಿರಲಿಲ್ಲ. ಕಣ್ಣಿನಿಂದ ನೋಡಿ ತೀರ್ಮಾನಿಸಬೇಕೆಂದಿದ್ದಳು. ಶೆಡ್ಡಿನ ಮುಕಾದಮನ ಬಳಿ ಎರಡು ದಿನ ರಜೆ ಕೇಳಿದಳು. ಪೆಟ್ಟಿಗೆಯಿಂದ ಹಸಿರು ಇಳಕಲ್ ಸೀರೆ ತೆಗೆದಳು. ಸಜ್ಜೆಯ ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ ಎಣ್ಣೆಗಾಯಿಯ ಬುತ್ತಿ ಎಲ್ಲರಿಗೂ ಸಾಲುವಷ್ಟು ಕಟ್ಟಿದಳು. "ಮುಂದಿನ ತಿಂಗಳ ನಿಮ್ಮ ಗೆಳತ್ಯಾರು ಕೂಡಿದಾಗ ನಾ ಹೇಳ್ತೀನಿ ಸುದ್ದಿ," ಎಂದಳು. "ನೀ ಸುಮ್ನ ಕೂಡು. ನಿನಗ ಹೇಳಾಕ ಬರಂಗಿಲ್ಲ."

ನನಗೆ ಆ ಪ್ರವಾಸದಿಂದ ಬೇಕಾಗಿದ್ದದ್ದು ಅದೊಂದೇ: ಅವ್ವ ಆ ಕೂಟದಲ್ಲಿ ಕುಳಿತು ತನ್ನ ಸುದ್ದಿಯನ್ನು ತಾನೇ ಹೇಳುವುದು.

ಹಿಂದಿನ ಸಂಜೆಯೇ ಹೋಗಿ ಉಳಿದುಕೊಂಡಿದ್ದ ಗೆಳತಿಯ ಮನೆಯಲ್ಲಿ ಒಂದೇ ಸ್ನಾನದ ಕೋಣೆ. ಅಂದು ನಲ್ಲಿಗೆ ನೀರು ಬರುವ ದಿನವೂ ಆಗಿರಲಿಲ್ಲ. ಅವ್ವ ಕತ್ತಲಿರುವಾಗಲೇ ಎದ್ದಿದ್ದರೂ, ಇನ್ನೊಬ್ಬರ ಮನೆಯಲ್ಲಿ ತಾನು ಮೊದಲು ಹೋಗಿ ಅವರು ತುಂಬಿಟ್ಟ ನೀರು ಖಾಲಿ ಮಾಡಬಾರದೆಂದು ಎಲ್ಲರದಾಗುವವರೆಗೆ ಕಾದಳು. ಕೊನೆಯಲ್ಲಿ ಅರ್ಧ ಬಕೆಟ್ ನೀರಿನಲ್ಲಿ ಸ್ನಾನ ಮಾಡಿ ಬಂದಾಗ ಗೆಳತಿಯ ಗಂಡ ಚಪ್ಪಲಿ ಮೆಟ್ಟಿ ನಿಂತಿದ್ದ. "ಚಲಾ ಚಲಾ, ಊನ್ ವಾಢತಂಯ್," ಎಂದು ಬಿಸಿಲು ಏರುವುದನ್ನು ಮರಾಠಿಯಲ್ಲಿ ನೆನಪಿಸಿ ಕೆಳಗಿಳಿದು ಹೋದ.

"ತಂಗೀ, ಸ್ವಲ್ಪ ಹೊತ್ತು ತಡೀತೀರೇನು? ಪೂಜಾ ಒಂದು ಮಾಡ್ಕೊಂಡು ಬಿಡ್ತೀನಿ," ಎಂದು ಅವ್ವ ಕೇಳಿದಳು.

"ಅಯ್ಯ ಕಾಕೂ, ಸೀದಾ ಜ್ಯೋತಿರ್ಲಿಂಗಕ್ಕೇ ಹೊಂಟೀವಿ. ಅಷ್ಟು ದೊಡ್ಡ ಲಿಂಗ ಅಲ್ಲಿರಬೇಕಾದ್ರ ಈ ಸಣ್ಣದಕ್ಕ ಏನವಸರದ? ಅಲ್ಲೇ ಆಗ್ತದ ಬರ್ರಿ."

ಅವ್ವ ನಕ್ಕಳು. ಕೈಗೆತ್ತಿಕೊಂಡಿದ್ದ ಕರಡಿಗೆಯನ್ನು ಸೆರಗಿನೊಳಗೆ ಇಳಿಬಿಟ್ಟಳು. "ಹೌದವಾ, ಅಲ್ಲೇ ಮಾಡ್ತೀನಿ ತಗೋ."

ದಾರಿಯಲ್ಲಿ ಕಾರು ನಿಲ್ಲಿಸಿ ಎಲ್ಲರೂ ಪೋಹೆ ತಿಂದು ಚಹಾ ಕುಡಿದರು. ಅವ್ವ ಬೇಡವೆಂದಳು. ನೀರಿನ ಬಾಟಲಿಯನ್ನೂ ಮುಟ್ಟಲಿಲ್ಲ. "ಕಾಕೂ ಫಿಗರ್ ಮೇಂಟೇನ್ ಮಾಡಕತ್ತಾರ," ಎಂದು ಗೆಳತಿಯ ಗಂಡ ನಗಿಸಿದ. ಗೆಳತಿಯೂ ನಕ್ಕಳು. ಅವಳು ಏಕೆ ನಕ್ಕಳು? ನೀರು ಸುದ್ದಾ ಕುಡಿಯುವಂತಿಲ್ಲ ಎಂದು ನನಗೆ ಪಿಸುಗುಟ್ಟಿದವಳು ಅವಳೇ.

ವೇರೂಳದ ಜ್ಯೋತಿರ್ಲಿಂಗವಾದ ಘೃಷ್ಣೇಶ್ವರದ ಗುಡಿಯಲ್ಲಿ ಸರದಿ ದೊಡ್ಡದಿತ್ತು. ಗಂಡಸರು ಅಂಗಿ ಕಳಚಿ ತೋಳಿನ ಮೇಲೆ ಹಾಕಿಕೊಂಡು ಬೆವರುತ್ತಿದ್ದರು. ದರ್ಶನ ಮುಗಿದು ಹೊರಗೆ ಬಂದಾಗ ಅವ್ವ ನೆರಳಿನ ಒಂದು ಕಟ್ಟೆಯನ್ನು ತೋರಿಸಿ, "ಇಲ್ಲಿ ಒಂದೀಟ ಕೂಡ್ಲೇನು, ತಂಗೀ?" ಎಂದಳು.

"ಇಲ್ಲೇ? ಮಂದಿ ನೋಡ್ತಾರ್ರೀ ಕಾಕೂ. ದರ್ಶನ ಆತಲ್ಲ, ಅಷ್ಟೇ ಸಾಕು. ಗುಹಾ ನೋಡೋದು ಉಳದದ."

ಆಗ ನಾನು ಮಧ್ಯೆ ಬಾಯಿ ಹಾಕಿದೆ. ಐದು ನಿಮಿಷ ಕುಳಿತುಕೊಳ್ಳಲಿ ಎಂದೆ. ಗೆಳತಿ ಕೇಳಿಸಿಕೊಳ್ಳದೆ ಮುಂದೆ ನಡೆದಳು. ಅವ್ವ ನನ್ನ ಮೊಣಕೈ ಹಿಡಿದು, "ಬಿಡು, ಅವರ ಗಾಡಿ ಅದ," ಎಂದಳು.

ಕೈಲಾಸದ ಗುಡಿಯ ಅಂಗಳ ಮಧ್ಯಾಹ್ನದ ಬಿಸಿಲಿಗೆ ಹಂಚಿನಂತೆ ಕಾದಿತ್ತು. ಸುತ್ತಲಿನ ಕರಿಕಲ್ಲಿನ ಗೋಡೆಗಳಿಂದಲೂ ಝಳ ಬರುತ್ತಿತ್ತು. ಅವ್ವ ಕಲ್ಲಿನ ಆನೆಯ ಮುಂದೆ ನಿಂತು ಗೋಡೆಯ ತುದಿಯವರೆಗೆ ಕಣ್ಣು ಹಾಯಿಸಿದಳು. "ಸುಳ್ಳಲ್ಲ ಬಿಡು," ಎಂದಳು. ಲಾರಿಯವರ ಮಾತಿಗೆ ಅದು ಅವಳ ತೀರ್ಪು. ಬಳಿಕ ಗುಡಿಯ ಮೆಟ್ಟಿಲಿನ ಕಡೆಗೆ ಹೊರಟವಳು ಕುಸಿದು ಕುಳಿತಳು. ತುಟಿ ಬಿಳಿಚಿತ್ತು. ಗೆಳತಿ ತಂಪುಪಾನೀಯದ ಬಾಟಲಿ ತೆರೆದು ಬಾಯಿಯ ಬಳಿ ಒಯ್ದಳು. ಅವ್ವ ತುಟಿ ಬಿಗಿಹಿಡಿದು ಮುಖ ತಿರುಗಿಸಿದಳು. "ಹಟ ಮಾಡಬ್ಯಾಡ್ರಿ ಕಾಕೂ," ಎನ್ನುತ್ತ ಗೆಳತಿ ಒಂದು ಫೋಟೋ ಕೂಡ ತೆಗೆದಳು.

ನಾನು ಅವ್ವನನ್ನು ಎಬ್ಬಿಸಿ ಹೊರಗೆ ಕರೆತಂದೆ. ವಾಹನಗಳು ನಿಲ್ಲುವ ಜಾಗದ ಅಂಚಿನಲ್ಲಿ ಒಂದು ಬೇವಿನ ಮರವಿತ್ತು. ಅದರ ಬುಡದಲ್ಲಿ ಅವಳನ್ನು ಕೂರಿಸಿ, ಬಾಟಲಿಯ ನೀರಿನಿಂದ ಕೈಕಾಲು ಮುಖ ತೊಳೆಸಿದೆ. ದಾರಿಯವರಿಗೆ ಕಾಣದಂತೆ ನನ್ನ ದುಪಟ್ಟಾವನ್ನು ಎರಡೂ ಕೈಗಳಿಂದ ಅಗಲಿಸಿ ಹಿಡಿದು ನಿಂತೆ. ಅವ್ವ ಕರಡಿಗೆ ಬಿಚ್ಚಿ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡಳು. ಸೆರಗಿನ ಗಂಟಿನಿಂದ ವಿಭೂತಿ ತೆಗೆದಳು. ಅಂಗೈಗೆ ನೀರು ಹಾಕಿಕೊಂಡಳು.

ಆಗ ಹಾರ್ನ್ ಕೇಳಿಸಿತು. ಮೊದಲು ಚಿಕ್ಕದಾಗಿ, ಕರೆಯುವಂತೆ. ಆಮೇಲೆ ಉದ್ದವಾಗಿ. ತಿರುಗಿ ನೋಡಿದೆ. ಗೆಳತಿಯ ಗಂಡ ಎ.ಸಿ. ಹಾಕಿಕೊಂಡು ಕಾರಿನಲ್ಲಿ ಕುಳಿತಿದ್ದ. ಗೆಳತಿ ಅವನ ಪಕ್ಕದಲ್ಲಿ ಕುಳಿತು ನಮ್ಮನ್ನೇ ನೋಡುತ್ತಿದ್ದಳು. ಅವಳ ಕೈ ಅವನ ಕೈಯನ್ನು ತಡೆಯಲಿಲ್ಲ. ಮತ್ತೊಮ್ಮೆ ಹಾರ್ನ್. ಅವ್ವನ ಅಂಗೈಯಿಂದ ನೀರು ಚೆಲ್ಲಿತು. ಅವಳು ಕಣ್ಣು ಎತ್ತಲಿಲ್ಲ. ಮತ್ತೆ ನೀರು ಹಾಕಿಕೊಂಡಳು. ದುಪಟ್ಟಾ ಹಿಡಿದಿದ್ದರಿಂದ ನನ್ನ ಎರಡೂ ಕೈಗಳು ಸಿಕ್ಕಿಬಿದ್ದಿದ್ದವು. ಹಾಗಿರದಿದ್ದರೆ ನೆಲದ ಮೇಲಿನ ಕಲ್ಲನ್ನೆತ್ತಿ ಆ ಗಾಜಿಗೆ ಎಸೆಯುತ್ತಿದ್ದೆ. ಇದು ಉತ್ಪ್ರೇಕ್ಷೆಯಲ್ಲ.

ಪೂಜೆ ಮುಗಿದ ಮೇಲೆ ಅವ್ವ ನೀರು ಕುಡಿದು, ಒಂದು ರೊಟ್ಟಿ ತಿಂದು ಚೇತರಿಸಿಕೊಂಡಳು. ಆದರೆ ಮರಳಿ ಹೋಗಿ ಗುಡಿಯ ಒಳಗೆ ನೋಡುವುದಾಗಲಿಲ್ಲ. ಹೋಟೆಲಿನಲ್ಲಿ ಊಟಕ್ಕೆ ಹೇಳಿಟ್ಟಿದ್ದೇವೆಂದು ಅವರು ನಮ್ಮನ್ನು ಕಾರಿಗೆ ಹತ್ತಿಸಿಕೊಂಡರು. ಅವ್ವನ ಬುತ್ತಿಯಲ್ಲಿ ಉಳಿದದ್ದನ್ನು ಅವರು ಯಾರೂ ಮುಟ್ಟಲಿಲ್ಲ.

ಜೂನಿನ ಕೂಟ ಈ ಸಲ ನನ್ನ ಬಾಡಿಗೆ ಮನೆಯಲ್ಲಿ. ಕಣ್ಣು ತೋರಿಸಿಕೊಳ್ಳಲು ನಾಸಿಕಕ್ಕೆ ಬಂದಿದ್ದ ಅವ್ವ ಅದಕ್ಕಾಗಿಯೇ ಒಂದು ದಿನ ಹೆಚ್ಚು ಉಳಿದಳು. ಅವಳು ಒಳಗೆ ಭಜಿ ಕರಿಯುತ್ತಿದ್ದಾಗ, ಸಂಭಾಜಿನಗರದವಳು ಫೋನನ್ನು ದೇವಳಾಲಿಯವಳ ಮುಂದೆ ಹಿಡಿದು ಆರಂಭಿಸಿಯೇಬಿಟ್ಟಳು.

"ಏ, ಇದು ನೋಡು. ನಮ್ಮ ಕಾಕೂ ಕಲ್ಲಿನ ಆನಿ ನೋಡಿ ಚಕ್ಕರ್ ಬಂದು ಧಪ್ ಅಂತ ಬಿದ್ರು! ಜೂಸ್ ಕುಡೀರಿ ಅಂದ್ರ ಬಾಯಿ ಹಿಂಗ ಮಾಡ್ಯಾರ, ಸಣ್ಣ ಹುಡುಗರಂಗ. ಎಷ್ಟು ಹಟ ಅಂತಿ!"

ದೇವಳಾಲಿಯವಳು ಫೋಟೋ ನೋಡಿ ನಕ್ಕಳು. ಒಳಗೆ ಎಣ್ಣೆಯ ಸದ್ದು ನಿಂತಿತು. ಅವ್ವ ಒಲೆ ಆರಿಸಿದ್ದಳು.

ನಾನು ಎಷ್ಟೋ ರಾತ್ರಿ ಜೋಡಿಸಿಟ್ಟಿದ್ದ ಶುದ್ಧ ವಾಕ್ಯಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. "ಫೋನ್ ತೆಗಿ," ಎಂದೆ. "ನಿಮ್ಮ ಅಜ್ಜಿ ಪೂಜಾಕ್ಕ ಕೂತರ ಕುಕ್ಕರ್ ಸೀಟಿ ಹೊಡೀಬಾರ್ದಿತ್ತು. ನಮ್ಮವ್ವ ಕೂತರ ಹಾರ್ನ್ ಹೊಡಿಸಿದಿ. ಅಜ್ಜೀದು ನಿಷ್ಠಾ, ನಮ್ಮವ್ವಂದು ಹಟ ಏನು?"

"ಅಯ್ಯ, ಚ್ಯಾಷ್ಟಿ ಮಾಡಿದ್ರೂ ಸಿಟ್ಟೇನು ನಿನಗ? ಅಜ್ಜೀದು ಬ್ಯಾರೆ ಇತ್ತು ಬಿಡು."

"ಹೆಂಗ ಬ್ಯಾರೆ? ಹೇಳು."

ಅವಳು ಫೋಟೋವನ್ನು ಬೆರಳಿನಿಂದ ಆಚೆ ಸರಿಸಿದಳು. ಇಂಜಿನಿಯರರ ತಾಯಿ ಕಣ್ಣು ಮುಚ್ಚಿ ಕುಳಿತರೆ ಜಗತ್ತು ಕಾಯಬೇಕು. ಈರುಳ್ಳಿ ಆರಿಸುವವಳು ಕುಳಿತರೆ ಗಾಡಿಗೆ ತಡವಾಗುತ್ತದೆ. ಇದನ್ನು ಬಾಯಿಬಿಟ್ಟು ಹೇಳಲು ಅವಳಿಗೂ ನಾಚಿಕೆಯಿತ್ತು ಎಂದುಕೊಳ್ಳುತ್ತೇನೆ. ಇರದಿದ್ದರೆ ಅವಳ ವಿಷಯದಲ್ಲಿ ನನಗೆ ಹೇಳಲು ಇನ್ನೇನೂ ಉಳಿದಿಲ್ಲ.

ಅವ್ವ ಭಜಿಯ ತಟ್ಟೆ ಹಿಡಿದು ಹೊರಗೆ ಬಂದಳು. "ಯಾಕ ಗದ್ಲ? ಬಿಸಿ ಇದ್ದಾಗ ತಿನ್ರಿ," ಎಂದು ನಡುವೆ ಇಟ್ಟಳು. ದೇವಳಾಲಿಯವಳು ಸ್ವಲ್ಪ ಸರಿದು ಅವಳಿಗೆ ಜಾಗ ಮಾಡಿಕೊಟ್ಟು, ತಗ್ಗಿದ ದನಿಯಲ್ಲಿ, "ಕಾಕೂ, ನೀವು ಹೇಳ್ರಿ. ವೇರೂಳದಾಗ ಏನೇನು ನೋಡಿದ್ರಿ?" ಎಂದಳು.

ಅವ್ವ ಸೆರಗಿನಿಂದ ಕೈ ಒರೆಸಿಕೊಂಡು ಕುಳಿತಳು. "ಆನಿ ನೋಡಿದೆ, ತಂಗೀ. ಸೊಂಡಿ ಮುರದಾವ, ಆದ್ರೂ ಆನೀನ. ಗ್ವಾಡಿ ಎಷ್ಟು ಎತ್ತರ ಅಂತಿ, ಕೊಳ್ಳು ನೋಯ್ತದ ನೋಡಾಕ. ಮ್ಯಾಲಿಂದ ಕೆಳಗ ಕಡಕೋತ ಬಂದಾರಂತ. ಒಂದು ಏಟು ತಪ್ಪಿದ್ರ ಏನು ಗತಿ, ಮತ್ತ ಹಚ್ಚಾಕ ಬರತದೇನು?" ಅವಳ ಕೈಗಳು ಗಾಳಿಯಲ್ಲಿ ಬಂಡೆ ಕಡಿಯುತ್ತಿದ್ದವು. ಮುಖ ಅರಳಿತ್ತು. ನಂತರ ಕೈ ಇಳಿಸಿದಳು. "ಗುಡಿ ಒಳಗ ಏನದ ಅನ್ನೋದು ಮಾತ್ರ ನೋಡೋದು ಉಳೀತು. ಇವರು ಹಾರ್ನ್ ಹೊಡದ್ರಲ್ಲ."

ಅವ್ವ ಯಾರನ್ನೂ ಚುಚ್ಚಲು ಹಾಗೆ ಹೇಳಲಿಲ್ಲ. ಆದದ್ದನ್ನು ಆದಂತೆ ಹೇಳಿದಳು. ಸಂಭಾಜಿನಗರದವಳು ಫೋನನ್ನು ಮಗುಚಿಟ್ಟಳು. "ಮತ್ತ ಬರ್ರಿ ಕಾಕೂ, ಚಳಿಗಾಲದಾಗ. ನಾ ಕರ್ಕೊಂಡು ಹೋಗ್ತೀನಿ," ಎಂದಳು.

"ಬರ್ತೀನಿ," ಎಂದಳು ಅವ್ವ. "ಬಸ್ಸಿಗೆ ಬರ್ತೀನಿ. ಪೂಜಾ ಮುಗಿಸ್ಕೊಂಡು ಹೊಂಟ್ರ ಯಾರಿಗೂ ತ್ರಾಸಿಲ್ಲ. ಭಜಿ ತಗೋ, ಆರಕತ್ತದ."

ಗೆಳತಿ ಊರಿಗೆ ಮರಳಿದ ಮೇಲೆ ಕೈಮುಗಿದ ಚಿತ್ರವೊಂದನ್ನು ಕಳುಹಿಸಿದಳು. ಅದಕ್ಕೆ ನಾನು ಉತ್ತರ ಬರೆದಿಲ್ಲ. ಆ ಕೈಮುಗಿಯುವಿಕೆ ಬಂದಿದ್ದು ನನ್ನ ಫೋನಿಗೆ. ಬರಬೇಕಾಗಿದ್ದು ಲಾಸಲಗಾಂವಿನ ಶೆಡ್ಡಿಗೆ.

ಆ ಶೆಡ್ಡಿಗೆ ಹೋದ ತಿಂಗಳು ನಾನು ಹೋಗಿದ್ದೆ. ಅವ್ವ ಈರುಳ್ಳಿಯ ರಾಶಿಯ ನಡುವೆ ಕುಳಿತು ಜೊತೆಯ ಹೆಂಗಸರಿಗೆ ಮರಾಠಿಯಲ್ಲಿ ವೇರೂಳದ ಸುದ್ದಿ ಹೇಳುತ್ತಿದ್ದಳು. ಅವರು ಅದನ್ನು ಎಷ್ಟನೆಯ ಸಲ ಕೇಳುತ್ತಿದ್ದರೋ, ಮುಂದಿನ ಮಾತು ಅವರೇ ಹೇಳಿಕೊಡುತ್ತಿದ್ದರು. ಮಗಳ ಗೆಳತಿಯ ಗಾಡಿ ಎಷ್ಟು ತಂಪಾಗಿತ್ತು, ಅವಳ ಯಜಮಾನರು ಘಾಟಿನಲ್ಲಿ ಎಷ್ಟು ಚೆನ್ನಾಗಿ ನಡೆಸಿದರು, ಆನೆಗಳು ಎಷ್ಟು ದೊಡ್ಡವು ಎಂದು ಹೇಳಿದಳು. ಬೇವಿನ ಮರ ಬಂತು, ಅದರ ನೆರಳು ಬಂತು. ಹಾರ್ನ್ ಬರಲಿಲ್ಲ. ತನ್ನ ಜೀವನದ ಒಂದೇ ಒಂದು ಪ್ರವಾಸದ ಕಥೆಯಿಂದ ಅವಳು ಅದನ್ನು ಕೊಳೆತ ಗಡ್ಡೆಯಂತೆ ಆರಿಸಿ ಆಚೆ ಎಸೆದಿದ್ದಳು.

ಅವಳಿಗೆ ಆ ಹಕ್ಕಿದೆ. ನನಗೆ ಎಸೆಯಲು ಆಗುವುದಿಲ್ಲ. ಆದ್ದರಿಂದ ಇಲ್ಲಿ ಬರೆದಿದ್ದೇನೆ. ಚಳಿಗಾಲದಲ್ಲಿ ನಾವಿಬ್ಬರೇ ಬಸ್ಸಿನಲ್ಲಿ ಹೋಗುತ್ತೇವೆ. ಗುಡಿಯ ಒಳಗೆ ಏನಿದೆ ಎಂಬುದನ್ನು ಅವ್ವ ನೋಡಿ ಬಂದು ತಾನೇ ಹೇಳುತ್ತಾಳೆ.