ನಾಲಿಗೆಗಿಲ್ಲದ ವ್ರತ

ಸಾವಿರದ ಒಂಬೈನೂರ ಎಂಬತ್ತೆಂಟರಲ್ಲಿ, ಎಂಟನೇ ಕ್ಲಾಸಿನ ಅರ್ಧದಲ್ಲಿ ನಾನು ಶಾಲೆ ಬಿಟ್ಟೆ. ಮನೆಯವರು ಬಿಡಿಸಿದರು ಎಂದರೆ ಕೇಳುವವರಿಗೆ ಸ್ವಲ್ಪ ಕನಿಕರವಾದರೂ ಬರುತ್ತದೆ. ಎಷ್ಟೋ ವರ್ಷ ಹಾಗೇ ಹೇಳಿಕೊಂಡು ಬಂದೆ. ನಿಜ ಏನೆಂದರೆ, ನಮ್ಮ ಗಣಿತದ ಮಾಸ್ತರರಿಗೆ ಪಾಠ ಮಾಡಲು ಬರುವುದಿಲ್ಲ ಎಂಬುದು ನನ್ನ ತೀರ್ಮಾನವಾಗಿತ್ತು. ಅದೇ ಮಾಸ್ತರರ ಕೈಯಲ್ಲಿ ಕಲಿತ ನನ್ನ ಬೆಂಚಿನ ಇಬ್ಬರು ಈಗ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾರೆ. ತಪ್ಪು ಕರಿಹಲಗೆಯ ಕಡೆಯಲ್ಲಿ ಇರಲಿಲ್ಲ, ಬೆಂಚಿನ ಕಡೆಯಲ್ಲಿತ್ತು ಎಂದು ತಿಳಿಯಲು ನನಗೆ ಮೂವತ್ತು ವರ್ಷ ಬೇಕಾಯಿತು.

ಆಮೇಲೆ ಮಾಡಿದ್ದೆಲ್ಲ ಮೈಮುರಿದು ಮಾಡಿದ ಕೆಲಸ. ಮರದ ಲೋಡು ಹೊತ್ತೆ, ಇನ್ನೊಬ್ಬರ ಲಾರಿ ತೊಳೆದೆ, ತೊಳೆಯುತ್ತ ತೊಳೆಯುತ್ತ ಓಡಿಸಲು ಕಲಿತೆ, ಕೊನೆಗೆ ಸ್ವಂತಕ್ಕೊಂದು ಜೀಪು ಮಾಡಿಕೊಂಡೆ. ಕಡಬದಿಂದ ಇಚಿಲಂಪಾಡಿ ಕಡೆಗೆ ದಿನಕ್ಕೆ ಐದು ಸಲ ಹೋಗಿ ಬರುತ್ತೇನೆ. ನನ್ನ ಟ್ರಿಪ್ಪು ಐದು ನಿಮಿಷ ತಡವಾದರೆ ಜನ ತಮ್ಮ ಗಡಿಯಾರವನ್ನೇ ಸಂಶಯದಿಂದ ನೋಡುತ್ತಾರೆ ಎನ್ನುವ ಮಾತು ಊರಲ್ಲಿ ಉಂಟು. ಆ ಮಾತನ್ನು ಊರಿಗೆ ಹಬ್ಬಿಸಿದವನು ನಾನೇ. ಹೆಮ್ಮೆ ಅಂಥ ದೊಡ್ಡ ರೋಗವಲ್ಲ ಬಿಡಿ. ಆದರೆ ಸ್ವಂತ ಕಾಲ ಮೇಲೆ ನಿಂತವನಿಗೆ ಬೇರೆಯವರ ಕಾಲು ನೋಡುವ ಚಟ ಹತ್ತುತ್ತದೆ. ಇವನು ಓರೆಯಾಗಿ ನಿಂತಿದ್ದಾನೆ, ಅವನು ಮಾವನ ಗೋಡೆಗೆ ಒರಗಿ ನಿಂತಿದ್ದಾನೆ, ಇನ್ನೊಬ್ಬ ನಿಂತೇ ಇಲ್ಲ. ಏಳನೇ ಕ್ಲಾಸಿನ ಆಚೆ ಒಂದು ಪರೀಕ್ಷೆಯನ್ನೂ ಬರೆಯದ ನಾನು ಊರಿಗೆಲ್ಲ ಮಾರ್ಕು ಹಾಕುತ್ತಿದ್ದೆ.

ಜೀಪು ಓಡಿಸುವವನಿಗೆ ಇದಕ್ಕೆ ಅನುಕೂಲವೂ ಹೆಚ್ಚು. ಕೈ ಸ್ಟಿಯರಿಂಗಿನಲ್ಲಿ, ಕಣ್ಣು ರಸ್ತೆಯಲ್ಲಿ, ಬಾಯಿ ಮಾತ್ರ ಖಾಲಿ. ಒಬ್ಬರು ಇಳಿದ ಕೂಡಲೇ ಅವರ ಬಗ್ಗೆ ಮಾತು ಶುರು. ಅದಕ್ಕೇ ಕೆಲವರು ತಮ್ಮ ಸ್ಟಾಪು ಬಂದರೂ ಇಳಿಯಲು ಹಿಂದೆಮುಂದೆ ನೋಡುತ್ತಿದ್ದರು ಎಂದು ಈಗ ಅನಿಸುತ್ತದೆ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದವನು ಪಕ್ಕದವನ ಎಲೆಯ ನೊಣ ನೋಡಿದ ಗಾದೆ ನನಗೆ ಗೊತ್ತಿರಲಿಲ್ಲ ಎಂದಲ್ಲ. ಚೆನ್ನಾಗಿ ಗೊತ್ತಿತ್ತು, ಅದನ್ನೂ ಬೇರೆಯವರ ಮೇಲೆಯೇ ಬಳಸುತ್ತಿದ್ದೆ.

ಇಂಥವನು ಭಕ್ತಿಗೆ ಬಿದ್ದರೆ ಏನಾಗುತ್ತದೆ? ಸುಧಾರಿಸುತ್ತಾನೆ ಎಂದು ನೀವು ಭಾವಿಸಿದರೆ ನೀವು ಒಳ್ಳೆಯವರು. ಹೋದ ವರ್ಷದವರೆಗೆ ಹದಿನಾರು ವರ್ಷ ನಾನು ಅಯ್ಯಪ್ಪನ ಮಾಲೆ ಹಾಕಿದ್ದೇನೆ. ನಲವತ್ತೆಂಟು ದಿನದ ವ್ರತ. ಮೀನು ಬಿಟ್ಟೆ, ಚಪ್ಪಲಿ ಬಿಟ್ಟೆ, ಗಡ್ಡ ಬೋಳಿಸುವುದು ಬಿಟ್ಟೆ, ಮಂಚ ಬಿಟ್ಟು ಚಾಪೆಗೆ ಇಳಿದೆ. ನಾಲಿಗೆಗೆ ಮೀನು ತಪ್ಪಿಸಿದೆನೇ ಹೊರತು ಮಾತು ತಪ್ಪಿಸಲಿಲ್ಲ. ಬದಲಿಗೆ ಅದಕ್ಕೆ ಹೊಸ ಮೇವು ಸಿಕ್ಕಿತು. ಮೊದಲು ಜನರ ಮನೆ, ತೋಟ, ಅಳಿಯಂದಿರ ಬಗ್ಗೆ ಮಾತಾಡುತ್ತಿದ್ದವನು ಈಗ ಅವರ ಭಕ್ತಿಯ ಬಗ್ಗೆಯೇ ಶುರು ಮಾಡಿದೆ. ಒಬ್ಬ ಶರಣು ಕೂಗುವುದು ಮೂಗಿನಲ್ಲಿ. ಒಬ್ಬ ಕರ್ಪೂರ ಉರಿಸುವುದು ಫೋಟೋ ತೆಗೆಯುವವನು ಬಂದ ಮೇಲೆ. ಇನ್ನೊಬ್ಬನ ಕಪ್ಪು ಬಟ್ಟೆಗೆ ಇಸ್ತ್ರಿಯ ಗೆರೆ. ವ್ರತದಲ್ಲಿ ಎಲ್ಲರನ್ನೂ ‘ಸ್ವಾಮಿ’ ಎಂದೇ ಕರೆಯಬೇಕು, ಎದುರಿಗಿರುವವನಲ್ಲಿ ದೇವರನ್ನೇ ನೋಡಬೇಕು ಎಂದು ನಮ್ಮ ಗುರುಸ್ವಾಮಿ ಪ್ರತಿವರ್ಷ ಹೇಳುತ್ತಾರೆ. ನಾನು ಆ ನಿಯಮ ಒಮ್ಮೆಯೂ ಮುರಿದವನಲ್ಲ. “ಆ ಸ್ವಾಮಿ ದೊಡ್ಡ ಕಳ್ಳಸ್ವಾಮಿ” ಎಂದೇ ಹೇಳುತ್ತಿದ್ದೆ.

ಇಷ್ಟರವರೆಗಿನದ್ದು ನಗುತ್ತ ಹೇಳಬಹುದಾದ ಮಾತು. ಮುಂದಿನದ್ದಕ್ಕೆ ನನಗೆ ನಗು ಬರುವುದಿಲ್ಲ.

ನಮ್ಮ ಕಡೆ ಹುಡುಗ ಹುಡುಗಿಯ ನೆಂಟಸ್ತಿಕೆ ಮಾತಾಡುವ ಮೊದಲು ಎರಡು ಕಡೆಯವರೂ ಗುಟ್ಟಾಗಿ ವಿಚಾರಿಸುವ ಕ್ರಮ ಉಂಟು. ಜಾತಕ ಕೂಡಿದರೂ ಸಾಲದು. ಹುಡುಗನ ಊರಿಗೆ ಬಂದು, ಅವನ ಮನೆಗೆ ಹೋಗದೆ, ಹತ್ತಿರದ ಅಂಗಡಿಯಲ್ಲಿ ಒಂದು ಬಾಳೆಹಣ್ಣು ತಿಂದು, ಇಲ್ಲವೇ ಆಟೋದವನನ್ನೋ ಜೀಪಿನವನನ್ನೋ ಹಿಡಿದು ಕೇಳುತ್ತಾರೆ. ಅಲ್ಲಿ ಸಿಕ್ಕಿದ ಒಂದು ವಾಕ್ಯ ಜಾತಕಕ್ಕಿಂತ ಗಟ್ಟಿ.

ಹೋದ ವರ್ಷ ಮಾಲೆ ಹಾಕಿ ಇಪ್ಪತ್ತನೇ ದಿನವೋ ಏನೋ, ಇಬ್ಬರು ಹಿರಿಯರು ಕಡಬದಲ್ಲಿ ನನ್ನ ಜೀಪು ಹತ್ತಿದರು. ನರಿಮೊಗರಿನವರಂತೆ. ಉಳಿದವರೆಲ್ಲ ಇಳಿದ ಮೇಲೆ ಒಬ್ಬರು ಮುಂದಿನ ಸೀಟಿಗೆ ಬಂದು ಕೂತರು.

“ಸ್ವಾಮಿ, ಇಲ್ಲಿ ವಯರಿಂಗ್ ಕೆಲಸದ ದಿನೇಶ ಹೇಳಿ ಒಬ್ಬ ಹುಡುಗ ಉಂಟಲ್ಲ, ಕಮಲಕ್ಕನ ಮಗ. ಜನ ಹೇಗೆ?”

“ಒಳ್ಳೆ ಹುಡುಗ. ನಮ್ಮೊಟ್ಟಿಗೇ ಮಾಲೆ ಹಾಕಿದ್ದಾನೆ.”

“ಕುಡಿಯುದು ಗಿಡಿಯುದು?”

ಇಲ್ಲ ಎಂದರೆ ಮುಗಿಯುತ್ತಿತ್ತು. ಗೊತ್ತಿಲ್ಲ ಎಂದರೂ ಮುಗಿಯುತ್ತಿತ್ತು. ಎರಡೂ ಸತ್ಯವೇ. ಆದರೆ ಸುಮ್ಮನೆ ‘ಒಳ್ಳೆಯವನು’ ಎಂದು ಹೇಳಿ ಬಿಡುವುದು ನನ್ನಂಥ ಅನುಭವಿಗೆ ಸಣ್ಣ ಕೆಲಸವಾಗಿ ಕಂಡಿತು. ನಾಲ್ಕು ದಿನದ ಹಿಂದೆ ಪೇಟೆಯಲ್ಲಿ ನೋಡಿದ್ದು ಬಾಯಿಗೆ ಬಂತು.

“ಎಂತ ಹೇಳುದು ಮಾರಾಯ್ರೆ. ಮೊನ್ನೆ ಮಾಲೆ ಕುತ್ತಿಗೆಯಲ್ಲಿ ಇರುವಾಗಲೇ ವೈನ್‌ಶಾಪಿನ ಮೆಟ್ಟಿಲಲ್ಲಿ ನಿಂತಿದ್ದ. ನಾನೇ ಕಣ್ಣಾರೆ ಕಂಡದ್ದು. ನಾನು ಹೇಳಿದೆ ಹೇಳಿ ಎಲ್ಲಿಯೂ ಹೇಳ್ಬೇಡಿ.”

ಅವರು ಮತ್ತೇನೂ ಕೇಳಲಿಲ್ಲ. ಅದೇ ಜೀಪಿನಲ್ಲಿ ವಾಪಸು ಬಂದರು. ಒಬ್ಬ ಹೆಣ್ಣುಮಗಳ ಬದುಕು ಉಳಿಸಿದ ಸಮಾಧಾನದಿಂದ ನಾನು ಅಂದು ಸಂಜೆಯ ಪೂಜೆಯಲ್ಲಿ ಎಲ್ಲರಿಗಿಂತ ಜೋರಾಗಿ ಶರಣು ಕೂಗಿದೆ.

ವಾರದ ನಂತರ ಗುರುಸ್ವಾಮಿಯ ಮನೆಯಲ್ಲಿ ಪೂಜೆ ಮುಗಿಸಿ ಅವಲಕ್ಕಿ ತಿನ್ನುತ್ತಿದ್ದೆವು. ಎದುರು ಕೂತಿದ್ದ ದಿನೇಶನೇ ನಗುತ್ತ ಹೇಳಿದ: “ಮಾಲೆ ಹಾಕಿ ವೈನ್‌ಶಾಪಿಗೆ ಕರೆಂಟು ಕೊಟ್ಟ ಸ್ವಾಮಿ ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಪುಣ್ಯಕ್ಕೆ ಅವರ ಮೀಟರ್ ಬೋರ್ಡು ಹೊರಗೆ, ಮೆಟ್ಟಿಲಿನ ಹತ್ತಿರ ಉಂಟು. ಒಳಗೆ ಇರ್ತಿದ್ರೆ ವ್ರತ ಮುಗಿಯುವವರೆಗೆ ಕತ್ತಲೆಯಲ್ಲೇ ಕೂತ್ಕೊಳ್ಳಿ ಹೇಳ್ತಿದ್ದೆ.” ಎಲ್ಲರೂ ನಕ್ಕರು. ನನ್ನ ಬಾಯಲ್ಲಿದ್ದ ಅವಲಕ್ಕಿ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ನರಿಮೊಗರಿನ ಸಂಬಂಧ ತಪ್ಪಿಹೋದ ಸುದ್ದಿ ಹಿಂದಿನ ದಿನವೇ ಊರಿಗೆ ಬಂದಿತ್ತು. ಹುಡುಗಿಯ ಫೋಟೋ ನೋಡಿ ಅವನು ತುಂಬ ಮನಸ್ಸು ಮಾಡಿದ್ದನಂತೆ. ಯಾರೋ ಏನೋ ಹೇಳಿದ್ದಾರೆ ಎಂಬುದಷ್ಟೇ ದಿನೇಶನ ಮನೆಯವರಿಗೆ ಗೊತ್ತು.

ಆಗ, ಆ ಚಾಪೆಯ ಮೇಲೆಯೇ, ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಇರುಮುಡಿ ತಲೆಯ ಮೇಲೆ ಇಟ್ಟುಕೊಂಡು ಹದಿನಾರನೇ ಸಲ ಮಲೆ ಹತ್ತಿದೆ. ದಾರಿಯುದ್ದಕ್ಕೂ ದಿನೇಶ ನನ್ನ ಹಿಂದೆಯೇ ಇದ್ದ. ಏರಿನಲ್ಲಿ ನನ್ನ ಸೊಂಟಕ್ಕೆ ಕೈಕೊಟ್ಟ.

ಇದಕ್ಕಿಂತ ಹೇಸಿಗೆಯದ್ದು ಆಮೇಲೆ ನಡೆಯಿತು. ಮಲೆಯಿಂದ ಬಂದ ಮೇಲೆ ಒಂದು ದಿನ ಕಮಲಕ್ಕ ಜೀಪು ಹತ್ತಿದವರು ದೊಡ್ಡ ನಿಟ್ಟುಸಿರು ಬಿಟ್ಟರು. “ನನಗೆ ಗೊತ್ತುಂಟು ಚೆನ್ನಪ್ಪಣ್ಣ, ಯಾರು ಹೇಳಿದ್ದು ಹೇಳಿ. ಅಂಗಡಿಯ ವಾಸುವೇ. ಬರುವವರೆಲ್ಲ ಮೊದಲು ಅವನ ಅಂಗಡಿಗೇ ಅಲ್ವಾ ಹೋಗುದು? ಅವನ ನಾಲಿಗೆಗೆ ಹುಳ ಬೀಳ್ಲಿ.”

ನಾನು ಗೇರು ಬದಲಿಸಿದೆ. ನಂತರ ಹೇಳಿದೆ: “ಹೌದು ಅಕ್ಕ. ವಾಸುವಿನ ಬಾಯಿ ಸ್ವಲ್ಪ ಹಾಗೇ.”

ಓದುವವರೇ, ಈ ಒಂದು ಸಾಲನ್ನು ಬರೆಯಲಿಕ್ಕೆ ಈ ಪ್ರಬಂಧವನ್ನು ಮೂರು ಸಲ ಶುರುಮಾಡಿ ಮೂರು ಸಲ ಬಿಟ್ಟಿದ್ದೇನೆ. ಮೊದಲಿನದ್ದು ನಾಲಿಗೆಯ ಚಟ, ಅದಕ್ಕೆ ಅಜ್ಞಾನ ಎನ್ನಬಹುದು. ಇದಕ್ಕೆ ಏನೆನ್ನುವುದು? ವಾಸು ಎಂದೂ ಯಾರ ಬಗ್ಗೆಯೂ ಮಾತಾಡಿದವನಲ್ಲ. ಅವನು ಅರ್ಧ ಕಿವುಡ, ಗಿರಾಕಿ ಹೇಳಿದ ಸಾಮಾನಿನ ಹೆಸರೇ ಅವನಿಗೆ ಎರಡು ಸಲ ಬೇಕು. ಕಮಲಕ್ಕ ಅವನ ಅಂಗಡಿ ಬಿಟ್ಟು ಒಂದೂವರೆ ಮೈಲು ಆಚೆಯ ಅಂಗಡಿಗೆ ನಡೆದು ಹೋಗತೊಡಗಿದರು. ಅಕ್ಕಿಯ ಚೀಲ ತಲೆಯಲ್ಲಿ ಹೊತ್ತು ಬರುವವರನ್ನು ನಾನು ದಿನಾ ನೋಡುತ್ತಿದ್ದೆ. ಜೀಪು ನಿಲ್ಲಿಸಿ ಹತ್ತಿಸಿಕೊಳ್ಳುತ್ತಿದ್ದೆ ಕೂಡ. “ನಿಮ್ಮಂಥವರು ಇರುದಕ್ಕೆ ಊರು ಉಂಟು” ಎಂದು ಅವರು ಹೇಳುತ್ತಿದ್ದರು. ನಾನು ಹಾರ್ನ್ ಹೊಡೆಯುತ್ತಿದ್ದೆ, ರಸ್ತೆಯಲ್ಲಿ ಯಾರೂ ಇಲ್ಲದಿದ್ದರೂ.

ಯಾರಿಗೂ ತಿಳಿಯದ ಹಾಗೆ ಸರಿಮಾಡುವ ಎಂದು ಒಂದು ಭಾನುವಾರ ನರಿಮೊಗರಿಗೆ ಹೋದೆ. ಅದೂ ಬಸ್ಸಿನಲ್ಲಿ, ನನ್ನ ಜೀಪು ಕಂಡರೆ ಊರಿಗೆಲ್ಲ ಗೊತ್ತಾಗುತ್ತದೆ. ಅಂದು ಮುಂದಿನ ಸೀಟಿನಲ್ಲಿ ಕೂತಿದ್ದವರೇ ಹುಡುಗಿಯ ತಂದೆ. ನಾನು ಹೇಳಿದ್ದನ್ನೆಲ್ಲ ಪೂರ್ತಿ ಕೇಳಿದರು.

“ಮಗಳಿಗೆ ಬೇರೆ ಕಡೆ ಮಾತಾಯಿತು. ನೀವು ತಡ ಮಾಡಿದ್ರಿ,” ಎಂದರು. ಆಮೇಲೆ, ಬೈಯುವ ಸ್ವರವೇ ಇಲ್ಲದೆ, “ನಾವು ಅವತ್ತು ಇನ್ನೂ ಇಬ್ಬರಲ್ಲಿ ಕೇಳ್ಬೇಕು ಹೇಳಿ ಬಂದದ್ದು. ನಿಮ್ಮ ಕುತ್ತಿಗೆಯಲ್ಲಿ ಮಾಲೆ ಇತ್ತಲ್ಲ, ಮತ್ತೆ ಯಾರಲ್ಲಿಯೂ ಕೇಳ್ಲಿಲ್ಲ.”

ಹದಿನಾರು ವರ್ಷ ಹಾಕಿದ ಮಾಲೆಯಿಂದ ನನಗೆ ಏನು ಸಿಕ್ಕಿತು ಎಂದು ಕೇಳಿದರೆ, ನನ್ನ ಒಂದು ಚಾಡಿಗೆ ಸಾಕ್ಷಿ ಸಿಕ್ಕಿತು.

ವಾಪಸು ಬರುವಾಗ ಬಸ್ಸಿನಿಂದ ಇಳಿದವನು ಮನೆಗೆ ಹೋಗಲಿಲ್ಲ. ಮನೆಗೆ ಹೋದರೆ ಧೈರ್ಯ ಹೋಗುತ್ತದೆ ಎಂದು ನೇರ ಕಮಲಕ್ಕನ ಅಂಗಳಕ್ಕೆ ನಡೆದೆ. ಅವರು ರಬ್ಬರ್ ಶೀಟು ಒಣಹಾಕುತ್ತಿದ್ದರು. ದಿನೇಶ ಬೈಕು ತೊಳೆಯುತ್ತಿದ್ದ. ನಿಂತಲ್ಲಿಯೇ ಎಲ್ಲವನ್ನೂ ಹೇಳಿದೆ, ಗೇರು ಬದಲಿಸಿ ಹೇಳಿದ ಆ ಮಾತನ್ನೂ ಸೇರಿಸಿ.

ಕಮಲಕ್ಕ ಕೈಯಲ್ಲಿದ್ದ ಶೀಟನ್ನು ಹಗ್ಗಕ್ಕೆ ಹಾಕಿ, ಎರಡು ಕಡೆ ಸರಿಯಾಗಿ ಎಳೆದು, ಆಮೇಲೆ ನನ್ನ ಕಡೆ ತಿರುಗಿದರು. “ಹಾಗಾದ್ರೆ ನಾನು ಆರು ತಿಂಗಳು ಸುಮ್ಮನೆ ಇದ್ದವನಿಗೆ ಹುಳ ಬೀಳ್ಲಿ ಹೇಳಿದ್ದಾ? ದೀಪ ಹಚ್ಚುವಾಗಲೂ ಹೇಳಿದ್ದೇನೆ ಮಾರಾಯ್ರೆ. ಆ ಪಾಪ ನನ್ನ ತಲೆಗೆ ಕಟ್ಟಿದ್ರಲ್ಲ.” ಮಗನ ಮದುವೆ ತಪ್ಪಿದ್ದರ ಮಾತು ಅವರು ಎತ್ತಲೇ ಇಲ್ಲ. ಅವರ ಬಾಯಿಯಿಂದ ಮಾಡಿಸಿದ ದ್ರೋಹವೇ ಅವರಿಗೆ ದೊಡ್ಡದಾಗಿ ಕಂಡಿತ್ತು.

ದಿನೇಶ ನಲ್ಲಿ ನಿಲ್ಲಿಸಿದ. “ನೀವು ಕಂಡದ್ದು ಹೌದು, ಚೆನ್ನಪ್ಪಣ್ಣ. ಸುಳ್ಳು ಹೇಳ್ಲಿಲ್ಲ. ಒಂದು ಮಾತು ಕೇಳಬಹುದಿತ್ತಲ್ಲ? ನಿಮ್ಮ ಜೀಪಿನಿಂದ ಆ ಮೆಟ್ಟಿಲಿಗೆ ಹತ್ತು ಹೆಜ್ಜೆ.”

ಬೈದಿದ್ದರೆ ಒಳ್ಳೆಯದಿತ್ತು. ಮನೆಯವರೆಗೆ ಹೆಜ್ಜೆ ಎಣಿಸುತ್ತ ಹೋದೆ, ಹತ್ತಾದಾಗಲೆಲ್ಲ ಮತ್ತೆ ಒಂದರಿಂದ.

ಮರುದಿನ ಕಮಲಕ್ಕ ನನ್ನನ್ನು ವಾಸುವಿನ ಅಂಗಡಿಗೆ ಕರೆದುಕೊಂಡು ಹೋದರು. ಕರೆದುಕೊಂಡು ಎಂದರೆ, ಅವರು ಮುಂದೆ, ನಾನು ಹಿಂದೆ. ಎಲ್ಲ ಹೇಳಿದೆ, ಅವನ ಕಿವಿಗಾಗಿ ಎರಡೆರಡು ಸಲ, ಅಂಗಡಿಯಲ್ಲಿದ್ದ ನಾಲ್ಕು ಗಿರಾಕಿಗಳಿಗೂ ಕೇಳುವಷ್ಟು ಜೋರಾಗಿ. ವಾಸು ಬಾಯಿ ತೆರೆದು ನೋಡಿದ. “ಅಯ್ಯೋ ದೇವರೇ! ಅದಕ್ಕಾ ಅಕ್ಕ ನೀವು ಬಾರದ್ದು? ನಾನು ನನ್ನ ಕುಚ್ಚಲಕ್ಕಿ ಹಾಳು ಹೇಳಿ ಗ್ರಹಿಸಿ ಮಿಲ್ಲಿನವನಿಗೆ ವಾಚಾಮಗೋಚರ ಬೈದೆ!” ಮಿಲ್ಲಿನವನು ಯಾರಿಗೆ ಬೈದನೋ, ಅವನು ಹೋಗಿ ಯಾರಿಗೆ ಬೈದನೋ. ಅಷ್ಟು ದೂರ ನನ್ನ ಜೀಪಿಗೆ ರೂಟಿಲ್ಲ.

ಅಂದಿನಿಂದ ಚಟ ಬಿಡಲು ಹೊರಟಿದ್ದೇನೆ. ಬೀಡಿ ಬಿಟ್ಟವನು ನಾನು. ಅದು ಸುಲಭ, ಬೀಡಿ ಜೇಬಿನಲ್ಲಿ ಇರುತ್ತದೆ, ತೆಗೆದು ಬಿಸಾಡಬಹುದು. ಇದು ‘ಆದರೆ’ ಎಂಬ ಶಬ್ದದಲ್ಲಿ ಇರುತ್ತದೆ. “ಅವರು ಒಳ್ಳೆಯವರು, ಆದರೆ...” ಆ ಶಬ್ದ ಬಂದ ಕೂಡಲೇ ಬಾಯಿ ಮುಚ್ಚಬೇಕು. ಮುಚ್ಚಿದರೆ ಇಚಿಲಂಪಾಡಿಯವರೆಗೆ ಮಾತಾಡುವುದು ಏನು? ಬಿಸಿಲು, ಮಳೆ, ರಬ್ಬರಿನ ರೇಟು. ಮೊದಲ ವಾರ ಪ್ಯಾಸೆಂಜರುಗಳು “ಮೈಗೆ ಸರಿ ಇಲ್ವಾ?” ಎಂದು ಕೇಳಿದರು. ಎರಡನೇ ವಾರ ಇನ್ನೊಂದು ಅಪಾಯ ಕಂಡಿತು: ಚಾಡಿ ಹೇಳುವವರನ್ನು ಕಂಡರೆ, ಛೀ, ಇವರೆಂಥ ಜನ ಎಂದು ಅನಿಸತೊಡಗಿತು. ನನ್ನ ಹೆಂಡತಿ ಹೇಳಿದಳು, “ನೀವು ಯಾರನ್ನೂ ದೂರುದಿಲ್ಲ ಹೇಳಿ ಊರಿಡೀ ಹೇಳಿಕೊಂಡು ಬರುದು ಯಾವಾಗ ನಿಲ್ಲಿಸುದು?” ಈ ವರ್ಷ ಮಾಲೆ ಹಾಕಲಿಲ್ಲ. ಗುರುಸ್ವಾಮಿ ಹಾಕು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಮೊದಲು ಬಾಯಿಗೆ ಹಾಕು ಎಂದು ಅವರ ಮುಖದಲ್ಲಿತ್ತು.

ಮೊನ್ನೆ ಮತ್ತಿಬ್ಬರು ಜೀಪು ಹತ್ತಿದರು, ಸುಳ್ಯ ಕಡೆಯವರು. ಮೆಲ್ಲ ಕೇಳಿದರು, “ಇಲ್ಲಿ ದಿನೇಶ ಹೇಳಿ...” ಹೊಗಳಿ ಹೊಗಳಿ ಅಟ್ಟಕ್ಕೇರಿಸುವ ಆಸೆ ಬಂತು. ಆದರೆ ಅದೂ ಮಾರ್ಕು ಹಾಕುವುದೇ. “ಮನೆ ಇಲ್ಲೇ ಉಂಟು, ಹುಡುಗನೂ ಇದ್ದಾನೆ, ಅವನಲ್ಲೇ ಕೇಳಿ,” ಎಂದು ಕ್ರಮ ತಪ್ಪಿಸಿ ಅವರನ್ನು ಕಮಲಕ್ಕನ ಅಂಗಳದಲ್ಲೇ ಇಳಿಸಿದೆ. ಕಮಲಕ್ಕ ಬಂದವರಿಗೆ ಬೆಲ್ಲ ನೀರು ತಂದರು. ಜೀಪಿನಲ್ಲಿ ಕೂತ ನನ್ನನ್ನು ನೋಡಿ, ಒಳಗೆ ಹೋಗಿ, ಇನ್ನೊಂದು ಲೋಟ ತಂದು ಬಾನೆಟ್ಟಿನ ಮೇಲೆ ಇಟ್ಟು ಹೋದರು. ನೀರು ಇತ್ತು, ಬೆಲ್ಲ ಇರಲಿಲ್ಲ. ಅಷ್ಟೇ ನನ್ನ ಯೋಗ್ಯತೆ ಎಂದು ಪೂರ್ತಿ ಕುಡಿದೆ. ಆ ಸಂಬಂಧ ಏನಾಗುತ್ತದೆಂದು ಇನ್ನೂ ತಿಳಿಯಲಿಲ್ಲ.

ಈಗ ನನ್ನಲ್ಲಿ ಇರುವುದು: ಜೀಪು ಒಂದು. ಹೆಂಡತಿ ಒಬ್ಬಳು. ಹೆಣ್ಣುಮಕ್ಕಳು ಇಬ್ಬರು. ಮಾತಾಡಿಸುವ ದಿನೇಶ ಒಬ್ಬ, ಮಾತಾಡಿಸದ ಕಮಲಕ್ಕ ಒಬ್ಬರು. ಯಾರನ್ನೂ ದೂರದೆ ಕಳೆದ ದಿನಗಳು, ಒಟ್ಟಿಗೆ ಸಾಲಾಗಿ, ಆರು.