ಭುಜಕ್ಕೆ ಉಜ್ಜಿದ ಮುಲಾಮು

ಸೂಪಿನ ಚಮಚವನ್ನು ಬಲಗೈಗೆ ಕೊಟ್ಟೆ. ರಾಯ್ ಅಜ್ಜ ಎಡಗೈಯಲ್ಲಿ ತೆಗೆದುಕೊಂಡರು.

'ಆ ಕೈ ಬರೀ ಶೋಗೆ' ಎಂದು ನಕ್ಕರು.

ಮೆಲ್ಬರ್ನ್ ಅಂಚಿನ ಕ್ರಾನ್‌ಬರ್ನ್‌ನಲ್ಲಿ ವೃದ್ಧರನ್ನು ನೋಡಿಕೊಳ್ಳುವ ಏಜ್ಡ್ ಕೇರ್ ಹೋಮ್ ಒಂದರ ಅಡುಗೆಮನೆಯಲ್ಲಿ ನನ್ನ ಕೆಲಸ. (ಏಳನೇ ಕ್ಲಾಸು ಓದಿದವಳಿಗೆ ಇನ್ನೇನು ಸಿಗುತ್ತದೆ?) ಕಳೆದ ವಾರ ಬಡಿಸುವ ಹುಡುಗಿ ಬರಲಿಲ್ಲ. ನಾನೇ ಟ್ರೇ ಹಿಡಿದು ಹೋದೆ.

ರಾಯ್ ಅಮೆರಿಕದವರು. ಐವತ್ತರ ದಶಕದಲ್ಲಿ ಅಲ್ಲಿ ಬೇಸ್‌ಬಾಲ್ ಪಿಚರ್. ನಮ್ಮ ಬೌಲರ್ ಇದ್ದ ಹಾಗೆ. ಆದರೆ ಓಡಿಬರುವಂತಿಲ್ಲ, ನಿಂತಲ್ಲಿಂದಲೇ ಎಸೆಯಬೇಕು. ಸಣ್ಣಪುಟ್ಟ ಊರುಗಳ ಟೀಮುಗಳಲ್ಲಿ ವರ್ಷಗಟ್ಟಲೆ ಬಸ್ಸಿನಲ್ಲಿ ಅಲೆದು, ಕೊನೆಗೆ ದೊಡ್ಡ ಟೀಮು ಸೇರಿದರು. ಅಲ್ಲಿ ಆಡಿದ್ದು ಒಂದೇ ಸೀಸನ್.

'ನೋವು ಅಂದವನ ಜಾಗಕ್ಕೆ ಮಾರನೇ ದಿನ ಬೇರೆಯವನು ಬರ್ತಿದ್ದ' ಎಂದರು. (ಅವರು ಹೇಳಿದ್ದು ಇಂಗ್ಲಿಷಿನಲ್ಲಿ, ನನಗೆ ಕೇಳಿಸಿದ್ದು ಕನ್ನಡದಲ್ಲಿ.) ಅದಕ್ಕೇ ಉರಿಯುವ ಮುಲಾಮು ಉಜ್ಜಿಕೊಂಡು ಆಡಲಿಳಿಯುತ್ತಿದ್ದರಂತೆ. ಚರ್ಮ ಉರಿದರೆ ಒಳಗಿನ ನೋವು ತಿಳಿಯುವುದಿಲ್ಲ. ಒಂದು ದಿನ ಭುಜದೊಳಗೆ ಏನೋ ಹರಿದುಹೋಯಿತು. ಅಲ್ಲಿಗೆ ಆಟ ಮುಗಿಯಿತು. ಹೆಂಡತಿಯ ಊರು ಮೆಲ್ಬರ್ನ್‌ಗೆ ಬಂದು ಲಾರಿ ಓಡಿಸಿದರು.

ಮುಲಾಮು ಎಂದಾಗ ನಾನು ಟ್ರೇ ಕೆಳಗಿಟ್ಟೆ.

ನನ್ನ ತಮ್ಮ ಮಂಜು ಕೆಲವು ವರ್ಷಗಳ ಹಿಂದೆ ಇಲ್ಲೇ ಮೆಲ್ಬರ್ನ್‌ನ ಕ್ಲೇಟನ್‌ಗೆ ಓದಲು ಬಂದವನು. ಹಾಸನದಲ್ಲಿ ಕ್ರಿಕೆಟ್ ಆಡಿದ ಕೈ ನೋಡಿ ಇಲ್ಲಿಯ ಬೇಸ್‌ಬಾಲ್ ಕ್ಲಬ್ಬೊಂದು ಅವನನ್ನು ಪಿಚರ್ ಮಾಡಿತು. ಕೋಚ್‌ಗೆ ಸ್ವಂತ ಕಂಪನಿ. ಓದು ಮುಗಿದ ಮೇಲೆ ಮಂಜುವಿಗೆ ಅಲ್ಲೇ ಕೆಲಸ, ವೀಸಾಕ್ಕೆ ಅವರದೇ ಸ್ಪಾನ್ಸರ್. ಪಿಆರ್‌ಗೆ, ಅಂದರೆ ಇಲ್ಲೇ ಕಾಯಂ ಉಳಿಯುವ ಪರವಾನಗಿಗೆ, ಇನ್ನೇನು ಬೇಕು?

'ಅಕ್ಕಾ, ಭುಜ ಎತ್ತಕ್ಕಾಗ್ತಿಲ್ಲ ಕಣೇ. ಕೋಚ್‌ಗೆ ಹೇಳ್ಬಿಡ್ಲಾ?'

'ಸುಮ್ನಿರು. ನೀನು ಆಡಲ್ಲ ಅಂದ್ರೆ ಅವ್ರು ಪೇಪರ್ಸ್ ಸೈನ್ ಮಾಡ್ತಾರಾ? ಇದೊಂದು ಸೀಸನ್ ತಡ್ಕೋ.'

'ನೀನೇ ಬಂದು ಒಂದ್ಸಲ ಎಸ್ದು ನೋಡು.'

'ನಾನು ದಿನಾ ಆಲೂಗಡ್ಡೆ ಮೂಟೆ ಎತ್ತಲ್ವಾ? ಶರ್ಟ್ ತೆಗಿ.'

ತೆಗೆದ. ಉಜ್ಜಿದೆ. ಪ್ರತಿ ಶನಿವಾರ ಬೆಳಿಗ್ಗೆ, ಸೀಸನ್ ಮುಗಿಯುವವರೆಗೆ. (ಮುಲಾಮು ಊರಿನಿಂದ ತರಿಸಿದ್ದು. ಅದೊಂದು ಹೆಮ್ಮೆ ಬೇರೆ.)

ಪಿಆರ್ ಬಂತು. ಭುಜ ಹೋಯಿತು. ಎರಡು ಆಪರೇಷನ್ ಆದರೂ ಬಲಗೈಯಲ್ಲಿ ತಲೆ ಬಾಚಿಕೊಳ್ಳಲಾರ. ಈಗ ಸಿಡ್ನಿಯಲ್ಲಿದ್ದಾನೆ. ನನ್ನ ಫೋನ್ ಎತ್ತುವುದಿಲ್ಲ. ಮಗಳು ಹುಟ್ಟಿದ ಸುದ್ದಿಯೂ ಬೇರೆಯವರಿಂದಲೇ ತಿಳಿಯಿತು. ಮಗುವನ್ನು ಎತ್ತಿಕೊಳ್ಳಲು ಯಾರಾದರೂ ಪಕ್ಕದಲ್ಲಿರಬೇಕಂತೆ.

'ನೋವಿದೆ ಅಂತ ಮನೇಲಿ ಯಾರಿಗೂ ಹೇಳಲಿಲ್ವಾ?' ರಾಯ್ ಅಜ್ಜನನ್ನು ಕೇಳಿದೆ.

'ಅದೇ ನನ್ನ ತಪ್ಪು. ನನಗೊಬ್ಬಳು ಅಕ್ಕ ಇದ್ದಳು. ಹೇಳಿದ್ರೆ ಅವಳು ಆಡಕ್ಕೆ ಬಿಡ್ತಿದ್ಲಾ?'

ಸೂಪು ಬಿಸಿ ಮಾಡಿಕೊಂಡು ಬರುತ್ತೇನೆಂದು ಬಟ್ಟಲು ಎತ್ತಿಕೊಂಡು ಹೊರಗೆ ಬಂದೆ.

ಮಂಜು ಹೇಳಿದ್ದ.