ಹೆಸರು ತೆಗೆಯುವ ಎರಡು ಸಾಲು

ತಪ್ಪು ಹುಡುಕುವುದಕ್ಕೇ ನನಗೆ ಸಂಬಳ. ಬೇರೆಯವರು ಬರೆದ ಕಂಪ್ಯೂಟರ್ ಕೋಡನ್ನು ಕೆಣಕಿ ಕೆಣಕಿ ಎಲ್ಲಿ ಮುರಿಯುತ್ತದೆ ಎಂದು ನೋಡುವವಳು ನಾನು. ಹಾಗಾಗಿ ಆಫೀಸಿನಲ್ಲಿ ನನ್ನನ್ನು ಕಂಡರೆ ಎಲ್ಲರಿಗೂ ಅಷ್ಟಕ್ಕಷ್ಟೆ. ಗ್ಲೆನಿಸ್ ಪ್ರೆವಿಟ್ ಒಬ್ಬಳು ಮಾತ್ರ ಹತ್ತೊಂಬತ್ತು ವರ್ಷ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು, ನಾನು ತಪ್ಪು ತೋರಿಸಿದಾಗಲೆಲ್ಲ "ಹೌದಲ್ವಾ!" ಎಂದು ನಗುತ್ತಿದ್ದಳು.

ನಮ್ಮದು ಲಾನ್ಸೆಸ್ಟನ್ ಎಂಬ ಊರಿನ ಚಿಕ್ಕ ಆಫೀಸು, ಒಂಬತ್ತು ಜನ. ನದಿಯ ನೀರು ಏರಿದಾಗ ದಂಡೆಯ ತೋಟದವರಿಗೆ, ಕುರಿ ಸಾಕುವವರಿಗೆ ಫೋನಿಗೆ ಸಂದೇಶ ಕಳಿಸುವುದು ನಮ್ಮ ಕೆಲಸ. ಅದರ ಹಳೆಯ ಕೋಡು ಗ್ಲೆನಿಸ್ ಬರೆದದ್ದು. ಒಂದೇ ಕಡತ, ಹನ್ನೊಂದು ಸಾವಿರ ಸಾಲು. ಯಾವುದು ಎಲ್ಲಿದೆ ಎಂಬುದು ಅವಳಿಗಷ್ಟೇ ಗೊತ್ತು. ಸಂದೇಶದ ಪಟ್ಟಿಯಲ್ಲಿ ಮೊಟ್ಟಮೊದಲು ಸೇರಿದ ಹೆಸರು ಅವಳ ಗಂಡ ಕೆಲ್ವಿನ್‌ನದು. ಅವನ ಕುರಿಗಳು ನದಿಯಂಚಿನ ತಗ್ಗಿನಲ್ಲಿ ಮೇಯುತ್ತಿದ್ದವು.

ಮಾರ್ಚಿನಲ್ಲಿ ಕೆಲ್ವಿನ್ ಬೇಲಿ ಬಿಗಿಯುತ್ತಿದ್ದವನು ಅಲ್ಲೇ ಕುಸಿದು ತೀರಿಕೊಂಡ. ಗ್ಲೆನಿಸ್ ಎರಡು ವಾರ ರಜೆ ಹಾಕಿ ವಾಪಸು ಬಂದಳು. ಅವಳು ಅತ್ತದ್ದನ್ನು ನಾವ್ಯಾರೂ ಕಾಣಲಿಲ್ಲ.

"ಹೇಗಿದ್ದೀಯೇ?" ಎಂದು ಕೇಳಿದೆ.

"ಏನೂ ಅನ್ನಿಸ್ತಿಲ್ಲ ಕಣೇ. ಹಲ್ಲು ಕೀಳೋ ಮುಂಚೆ ಸೂಜಿ ಹಾಕ್ತಾರಲ್ಲ, ಮೈಗೆಲ್ಲಾ ಹಾಗೆ ಹಾಕಿದಂಗಿದೆ."

ಏಪ್ರಿಲಿನಲ್ಲಿ ಟ್ಯಾಮ್ಸಿನ್ ಬಂದಳು. ಮೂವತ್ತೊಂದರ ಹುಡುಗಿ, ಇಡೀ ವ್ಯವಸ್ಥೆಯನ್ನು ಹೊಸದಾಗಿ ವಿನ್ಯಾಸ ಮಾಡಲು ನೇಮಕವಾದವಳು. ಆ ಹನ್ನೊಂದು ಸಾವಿರ ಸಾಲನ್ನು ಒಡೆದು, ತಂತಮ್ಮ ಕೆಲಸ ತಾವೇ ನೋಡಿಕೊಳ್ಳುವ ಚಿಕ್ಕ ಚಿಕ್ಕ ‘ವಸ್ತು’ಗಳಾಗಿ, ಎಂದರೆ ಕೋಡಿನ ತುಂಡುಗಳಾಗಿ, ಕಟ್ಟಬೇಕು ಎಂದಳು. ಅದಕ್ಕೆ ಎಲ್ಲರೂ ವಿನ್ಯಾಸ ಮಾದರಿಗಳನ್ನು ಕಲಿಯಬೇಕು. ಮತ್ತೆ ಮತ್ತೆ ಎದುರಾಗುವ ತೊಡಕುಗಳಿಗೆ ಹಿಂದಿನವರು ಕಂಡುಕೊಂಡ ದಾರಿಗಳಂತೆ ಅವು. ಜೂನ್ ಮುಗಿಯುವುದರೊಳಗೆ ಕಲಿತು ಬರೆದು ತೋರಿಸದವರಿಗೆ ಇಲ್ಲಿ ಜಾಗವಿಲ್ಲ. ಈ ಮಾತನ್ನು ಅವಳು ಗೋಡೆ ನೋಡಿಕೊಂಡು ಹೇಳಿದಳು. ಯಾರಿಗೆ ಹೇಳಿದ್ದೆಂದು ಒಂಬತ್ತು ಜನಕ್ಕೂ ತಿಳಿಯಿತು.

"ಮನೇಲಿ ಮಾತ್ರ ಕೂರಿಸ್ಬೇಡಿ, ಏನ್ ಬೇಕಾದ್ರೂ ಕಲೀತೀನಿ," ಎಂದಳು ಐವತ್ತೆಂಟರ ಗ್ಲೆನಿಸ್.

ಕಲಿತಳು. ಶಾಲೆಯ ಮಕ್ಕಳಂತೆ ನೋಟ್‌ಬುಕ್ಕಿನಲ್ಲಿ ಒಂದೊಂದು ಮಾದರಿಯನ್ನೂ ಬರೆದು, ಚೌಕ ಎಳೆದು, ಬಾಣ ಹಾಕಿದಳು. ಖುಷಿಯಿಲ್ಲ, ಬೇಸರವೂ ಇಲ್ಲ. ಅತ್ತ ಬ್ರೋಡಿ ಎಂಬ ಮಹಾಶಯ ಎರಡು ಮಾದರಿ ಕಲಿತ ಉಮೇದಿಗೆ ದಿನಾಂಕ ತೋರಿಸುವುದಕ್ಕೆಂದೇ ಏಳು ವಸ್ತು ಕಟ್ಟಿಟ್ಟ. ಅವನ್ನು ಪರೀಕ್ಷಿಸುವಷ್ಟರಲ್ಲಿ ನನಗೆ ಸಾಕೋ ಸಾಕಾಯಿತು.

ಹತ್ತೂವರೆಯ ಚಹಾಕ್ಕೆ ದಿನಕ್ಕೊಬ್ಬರು ಒಂದು ಮಾದರಿಯನ್ನು ಕಂಪ್ಯೂಟರ್ ಮುಟ್ಟದೆ ವಿವರಿಸಬೇಕು, ತಿಂಡಿಯನ್ನೂ ಅವರೇ ತರಬೇಕು. ಇದು ಟ್ಯಾಮ್ಸಿನ್ ಹಾಕಿದ ಪದ್ಧತಿ. ಗ್ಲೆನಿಸ್ ಪಾಲಿಗೆ ಬಂದದ್ದು ಅಬ್ಸರ್ವರ್ ಎಂಬ ಮಾದರಿ. ಕೈಯಾರೆ ಕೇಕು ಮಾಡಿ ತರುತ್ತಿದ್ದವಳು ಅಂದು ಅಂಗಡಿಯ ಲ್ಯಾಮಿಂಗ್ಟನ್ ಕೇಕಿನ ಪೊಟ್ಟಣ ಇಟ್ಟು, ಚೀಲದಿಂದ ಉಣ್ಣೆಯ ಉಂಡೆ ತೆಗೆದಳು.

"ನಾನು ನದಿ. ನೀರು ಏರಿದ್ದು ಯಾರಿಗೆ ತಿಳೀಬೇಕೋ ಅವ್ರು ಒಂದೊಂದು ಎಳೆ ಹಿಡ್ಕೊಳ್ಳಿ. ನೀವು ಕುರಿ ಹೊಡ್ಕೊಂಡ್ ಹೋಗ್ತೀರೋ, ಪಂಪು ಎತ್ತಿಡ್ತೀರೋ, ನದಿಗೆ ಬೇಕಾಗಿಲ್ಲ. ಅದು ಎಳೆಯುತ್ತೆ, ಅಷ್ಟೆ."

ಎಳೆದಳು. ಎಂಟು ಕೈಗಳೂ ಒಟ್ಟಿಗೇ ಅಲ್ಲಾಡಿದವು.

"ಅಯ್ಯೋ ನನ್ನ ಟೀ!" ಎಂದ ಬ್ರೋಡಿ.

ಎಲ್ಲರೂ ನಕ್ಕರು, ಅವಳೊಬ್ಬಳನ್ನು ಬಿಟ್ಟು. ಅದೇ ಹೊತ್ತಿಗೆ ಅವಳ ಚೀಲದಲ್ಲಿ ಫೋನು ಗುಂಯ್ ಎಂದಿತು. ಬೆಳಗ್ಗೆಯಿಂದ ನದಿ ನಿಜಕ್ಕೂ ಏರುತ್ತಿತ್ತು. ಆದರೆ ಗ್ಲೆನಿಸಳ ಫೋನು ಮೇಜಿನ ಮೇಲೆ, ನನ್ನ ಕಣ್ಣೆದುರಿಗೇ ಇತ್ತು. ನೋಡಿದೆ, ನೋಡಿ ಮರೆತೆ.

ವಾರದ ಬಳಿಕ ಅವಳ ಕೋಡು ಪರೀಕ್ಷೆಗೆ ಬಂತು. ನಿಜವಾದ ಪಟ್ಟಿಯ ಮೇಲೆಯೇ ಪರೀಕ್ಷಿಸುವುದು ನಮ್ಮ ಆಫೀಸಿನ ಹಳೆಯ ಕೆಟ್ಟ ಚಾಳಿ. ನಾನೂರ ಹನ್ನೆರಡು ಹೆಸರಿದ್ದವು. ತೋಟ ಮಾರಿ ಹೋದ ಐದು ಜನರನ್ನು ತೆಗೆದೆ. ಆಮೇಲೂ ನಾನೂರ ಹನ್ನೆರಡೇ.

"ಗ್ಲೆನಿಸ್! ಒಳಗೆ ಬರೋಕೆ ಬಾಗಿಲು ಇಟ್ಟಿದ್ದೀಯ, ಹೊರಗೆ ಹೋಗೋಕೆ ಇಲ್ವಲ್ಲೇ!" ಎಂದು ನನ್ನ ಎಂದಿನ ಗಂಟಲಲ್ಲಿ ಕೂಗಿದೆ.

ಟ್ಯಾಮ್ಸಿನ್ ಬಂದು ನೋಡಿದಳು. ಹೆಸರು ತೆಗೆಯುವ ಭಾಗಕ್ಕೆ ತಲೆಬರಹವಿತ್ತು, ಒಳಗೆ ಒಂದು ಸಾಲೂ ಇರಲಿಲ್ಲ.

"ಈ ಮಾದರಿಯಲ್ಲಿ ಎಲ್ಲರೂ ಎಡವೋ ಜಾಗ ಇದು. ತೆಗೀದಿದ್ರೆ, ಇಲ್ಲದೇ ಇರೋರಿಗೂ ಸಂದೇಶ ಹೋಗ್ತಾನೇ ಇರುತ್ತೆ."

"ಗೊತ್ತು," ಎಂದಳು ಗ್ಲೆನಿಸ್.

"ಗೊತ್ತಿದ್ದೂ ಬರೀಲಿಲ್ವಾ?"

ಗ್ಲೆನಿಸ್ ಚೀಲವನ್ನು ಮೇಜಿನಡಿಗೆ ಸರಿಸಿದಳು.

"ಶುಕ್ರವಾರ ಕಡೇ ದಿನ ಗ್ಲೆನಿಸ್. ಆಮೇಲೆ ನನ್ನ ಕೈಲೂ ಏನೂ ಇರಲ್ಲ."

ಚೀಲದೊಳಗಿನ ಫೋನು ನನಗೆ ನೆನಪಾದದ್ದು ಆಗ. ನನ್ನ ಬಾಯಿಗಿಷ್ಟು ಮಣ್ಣು ಹಾಕ! ಎಲ್ಲರೂ ಊಟಕ್ಕೆ ಹೋದ ಮೇಲೆ ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡೆ.

"ಕೆಲ್ವಿನ್ ಫೋನಾ ಅದು?"

"ದಿನಾ ಚಾರ್ಜ್ ಮಾಡ್ತೀನಿ. ನದಿ ಏರಿದ್ರೆ ಅವನಿಗೆ ತಿಳಿಯುತ್ತೆ. ಅಷ್ಟೇ, ಬೇರೇನಿಲ್ಲ."

"ಅವನ ಹೆಸರೊಂದು ಉಳಿಯೋ ಹಾಗೆ ಬರಿಯೇ. ನಾನು ಕಣ್ಮುಚ್ಚಿ ಪಾಸ್ ಮಾಡ್ತೀನಿ."

ಹತ್ತೊಂಬತ್ತು ವರ್ಷದಲ್ಲಿ ನಾನು ಯಾರಿಗೂ ಆಡದ ಮಾತು ಅದು. ಅವಳು ನೋಟ್‌ಬುಕ್ ತಿರುವಿ ಹಾಕಿ ಮುಚ್ಚಿಟ್ಟಳು.

"ಒಬ್ಬನಿಗೋಸ್ಕರ ಬೇರೆ ದಾರಿ ಇಟ್ರೆ ಅದು ಮಾದರಿ ಹೇಗಾಗುತ್ತೆ? ಹಳೇದ್ರಲ್ಲಿ ನಾನು ಮಾಡ್ಕೊಂಡ್ ಬಂದಿದ್ದೇ ಅದು. ಅದಕ್ಕೇ ಅಲ್ವಾ ಒಡೀತಿರೋದು?"

ಶುಕ್ರವಾರ ಬೆಳಗ್ಗೆ ಎರಡೇ ಎರಡು ಸಾಲು ಬರೆದಳು. ಪರೀಕ್ಷೆಗೆ ಆ ಐದು ಹೆಸರುಗಳನ್ನು ನಾನು ಹುಡುಕುತ್ತಿದ್ದಾಗ, ಕೀಲಿಮಣೆಯನ್ನು ತನ್ನ ಕಡೆಗೆ ಎಳೆದುಕೊಂಡು ತಾನೇ ಒಂದು ಹೆಸರು ಹೊಡೆದಳು. ನಾನೂರ ಹನ್ನೆರಡು ಇದ್ದದ್ದು ನಾನೂರ ಹನ್ನೊಂದಾಯಿತು.

"ಆಯ್ತಾ?"

"ಆಯ್ತು," ಎಂದೆ. ಅವಳ ಮುಖದಲ್ಲಿ ಏನೂ ಇರಲಿಲ್ಲ.

ಕೆಲಸ ಉಳಿಯಿತು. ಜುಲೈಯಲ್ಲಿ ಹೊಸ ವ್ಯವಸ್ಥೆ ಶುರುವಾದ ಮೂರನೆಯ ದಿನ, ಚಹಾದ ಹೊತ್ತಿಗೆ ನೀರು ಏರಿತು. ಹೊಸದಾಗಿ ಪಟ್ಟಿಗೆ ಸೇರಿಸಿದ್ದ ನಮ್ಮೆಲ್ಲರ ಫೋನುಗಳೂ ಒಟ್ಟಿಗೆ ಗುಂಯ್ ಎಂದವು. ಟ್ಯಾಮ್ಸಿನ್ ಚಪ್ಪಾಳೆ ತಟ್ಟಿದಳು. ಗ್ಲೆನಿಸ್ ಚೀಲದಿಂದ ಕೆಲ್ವಿನ್‌ನ ಫೋನು ತೆಗೆದು ಅಂಗೈಯಲ್ಲಿಟ್ಟುಕೊಂಡು, ಚಹಾ ಆರುವ ತನಕ ನೋಡಿದಳು.

"ಬರ್ಲಿಲ್ಲ ನೋಡು. ಸರಿಯಾಗೇ ಕೆಲಸ ಮಾಡ್ತಿದೆ," ಎಂದಳು ನನಗೆ. ಆಮೇಲೆ ನನ್ನ ತೋಳನ್ನು ನೋಯುವಷ್ಟು ಗಟ್ಟಿಯಾಗಿ ಹಿಡಿದಳು. "ಸೂಜಿಯ ಜೋಮು ಇಳೀತಿದೆ ಕಣೇ. ಸ್ವಲ್ಪ ಹೊರಗಡೆ ಕರ್ಕೊಂಡ್ ಹೋಗು."